ನಾಗರಹೊಳೆ ಹಾಡಿಗಳ ಮನೆ ಲೆಕ್ಕ: ಒಂದು ಬಹಿರಂಗ ಪತ್ರ

ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ, ಅರಣ್ಯ ಇಲಾಖೆ, ಗ್ರಾಮೀಣಾಭಿವೃದ್ಧಿ ಇಲಾಖೆ, ಹಾಗೂ ಮೈಸೂರು ಮತ್ತು ಕೊಡಗು ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ಕೆಲಸ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗಿರುವ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಯಾರಿಗೆ ಎಂಥ ಮನೆ ಬೇಕು ಅಂತ ಒಮ್ಮೆ ಸರಿಯಾಗಿ ಲೆಕ್ಕ ಹಾಕಿಸಿ. ಅಲ್ಲಿಂದ ಹೊರಗೆ ಬಂದವರು ಈಗ ಎಲ್ಲೆಲ್ಲಿ ಇದ್ದಾರೋ ಅಲ್ಲಿಗೂ ಹೋಗಿ ಇದೇ ಲೆಕ್ಕ ತೆಗೆಸಿ. ಹಾಡಿಯವರನ್ನು ಜೊತೆಯಲ್ಲಿ ಕೂರಿಸಿಕೊಂಡು, ಅವರ ಗ್ರಾಮಸಭೆಯ ಮುಂದೆಯೇ ಈ ಕೆಲಸ ಆಗಲಿ.

ನಾನು ಹುಣಸೂರು ಕಡೆಯವನು. ಗ್ರಾಮೀಣ ವಸತಿ ಯೋಜನೆಗಳಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದೆ. ತಳಪಾಯ ಆಯಿತಾ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ) ಆಯಿತಾ, ಛಾವಣಿ ಬಿತ್ತಾ ಅಂತ ಹಂತ ಹಂತಕ್ಕೂ ಜಿಪಿಎಸ್ ಫೋಟೊ ತೆಗೆದು ಕಂತಿನ ಹಣ ಬಿಡುಗಡೆಗೆ ಬರೆಯುವುದು ನನ್ನ ಕೆಲಸವಾಗಿತ್ತು. ಕಾಡಂಚಿನ ಹಾಡಿಗಳಿಗೂ ಪುನರ್ವಸತಿ ಕೇಂದ್ರಗಳಿಗೂ ಓಡಾಡಿದ್ದೇನೆ. ಒಳಗೆ ಹೇಗಿದೆ ಅಂತ ಬಲ್ಲೆ. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಕೂರಲು ಆಗುತ್ತಿಲ್ಲ.

ಸಮೀಕ್ಷೆಗಳು ಬೇಕಾದಷ್ಟು ಆಗಿವೆಯಲ್ಲ ಅಂತ ನೀವು ಹೇಳಬಹುದು. ನಿಜ, ಆಗಿವೆ. ಆದರೆ ಹಾಡಿಗೆ ಬಂದ ಹೆಚ್ಚಿನ ಸಮೀಕ್ಷೆಗಳ ಮೊದಲ ಪ್ರಶ್ನೆ ಒಂದೇ: ನೀವು ಕಾಡು ಬಿಟ್ಟು ಹೊರಗೆ ಹೋಗಲು ಒಪ್ಪುತ್ತೀರಾ? ಒಪ್ಪಿದವರ ಹೆಸರು ಒಂದು ಪಟ್ಟಿಗೆ. ಒಪ್ಪದವರ ಹೆಸರು ಎಲ್ಲೂ ಇಲ್ಲ. ಒಪ್ಪದವರ ಮನೆ ಸೋರುತ್ತಿದೆಯಾ, ಅದೇ ಒಂದು ಕೋಣೆಯಲ್ಲಿ ಮದುವೆಯಾದ ಇಬ್ಬರು ಮಕ್ಕಳೂ ಸಂಸಾರ ಮಾಡುತ್ತಿದ್ದಾರಾ, ಮುದುಕಿಯೊಬ್ಬಳು ಟಾರ್ಪಾಲಿನ ಕೆಳಗೆ ಒಂಟಿಯಾಗಿ ಇದ್ದಾಳಾ ಅಂತ ಬರೆದುಕೊಂಡವರನ್ನು ನಾನು ಕಂಡಿಲ್ಲ. ಅವರು ಕಾಡಿನಲ್ಲಿ ಇರುವ ತನಕ ಅವರಿಗೆ ಮನೆಯ ಅಗತ್ಯವೇ ಇಲ್ಲ ಅನ್ನುವಂತೆ ಕಾಗದಪತ್ರ ನಡೆದಿದೆ.

ಸ್ವಲ್ಪ ಹಿಂದಿನ ಮಾತು ಹೇಳಬೇಕು. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಹುಲಿ ಯೋಜನೆಯ ಅಡಿ ಬಂತು. 643 ಚದರ ಕಿಲೋಮೀಟರ್ ಕಾಡು, ಅರ್ಧ ಕೊಡಗಿಗೆ, ಅರ್ಧ ಮೈಸೂರು ಜಿಲ್ಲೆಗೆ ಸೇರಿದಂತೆ ಹರಡಿಕೊಂಡಿದೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಈ ಎಲ್ಲ ಅಧಿಸೂಚನೆಗಳಿಗಿಂತ ಮೊದಲಿನಿಂದಲೂ ಇಲ್ಲಿದ್ದವರು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಆದಾಗ ಒಂದಷ್ಟು ನೆಲ ನೀರಿನ ಅಡಿ ಹೋಯಿತು. ಆಮೇಲೆ ಹುಲಿಗಾಗಿ, ಆನೆಗಾಗಿ ಅಂತ ಹಾಡಿಗಳು ಒಂದೊಂದಾಗಿ ಖಾಲಿಯಾದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳನ್ನು ಆ ಸಮಿತಿ ಗುರುತಿಸಿತು. ಈಗ ಅಸ್ಸಾದಿಯವರೂ ಇಲ್ಲ. ಅವರು ಗುರುತಿಸಿದ ಕುಟುಂಬಗಳ ಮಕ್ಕಳಿಗೆ ಮಕ್ಕಳಾಗಿವೆ.

2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. 52 ಜೇನು ಕುರುಬ ಕುಟುಂಬಗಳು ಕಾಡಿನೊಳಗೆ ವಾಪಸ್ ಬಂದು, ಇದು ನಮ್ಮ ಹಿರಿಯರ ಜಾಗ ಅಂತ ಗುಡಿಸಲು ಹಾಕಿಕೊಂಡವು. ಪತ್ರಿಕೆಗಳು ಇದನ್ನು ಅರಣ್ಯ ಹಕ್ಕಿನ ಸುದ್ದಿಯಾಗಿ ಬರೆದವು. ಅದು ಸರಿಯೇ. ಆದರೆ ನನ್ನಂಥ ವಸತಿ ಕೆಲಸದವನ ಕಣ್ಣಿಗೆ ಅಲ್ಲಿ ಇನ್ನೊಂದು ವಿಷಯವೂ ಕಂಡಿತು. ಹೊರಗೆ ನೆಮ್ಮದಿಯ ಸ್ವಂತ ಮನೆ ಇದ್ದವರು ಮಳೆಗಾಲ ಒಂದು ತಿಂಗಳು ದೂರ ಇರುವಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಟಾರ್ಪಾಲಿನ ಗುಡಿಸಲು ಹಾಕುತ್ತಾರಾ?

ಅವರು ಅಲ್ಲಿಯತನಕ ಎಲ್ಲಿದ್ದರು ಅನ್ನೋದೇ ಈ ಲೆಕ್ಕದ ದೊಡ್ಡ ಭಾಗ. ಕಾಡಿನಿಂದ ಹೊರಬಂದ ಎಷ್ಟೋ ಕುಟುಂಬಗಳು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದವು. ಲೈನ್ ಮನೆ ಅಂದರೆ ಸಾಲಾಗಿ ಕಟ್ಟಿದ ಕೋಣೆಗಳು, ಒಂದು ಸಂಸಾರಕ್ಕೆ ಒಂದು. ಜಾಗ ತೋಟದ್ದು, ಗೋಡೆ ತೋಟದ್ದು, ಕರೆಂಟು ತೋಟದ್ದು. ಕೆಲಸ ಇರುವ ತನಕ ಸೂರು. ಕೈಕಾಲು ಬಿದ್ದ ಮೇಲೆ, ಅಥವಾ ತೋಟ ಕೈ ಬದಲಾದ ಮೇಲೆ, ಗಂಟುಮೂಟೆ ಕಟ್ಟಬೇಕು. ಮುಂಗಡ ಪಡೆದಿದ್ದರೆ ಬಿಟ್ಟು ಹೋಗುವ ಹಾಗೂ ಇಲ್ಲ. ಈ ಜನ ನಿಮ್ಮ ಯಾವ ಪಟ್ಟಿಯಲ್ಲಿ ಇದ್ದಾರೆ? ಹಾಡಿಯ ಲೆಕ್ಕದಲ್ಲಿ ಇಲ್ಲ, ಯಾಕಂದರೆ ಹಾಡಿಯಲ್ಲಿಲ್ಲ. ಪಂಚಾಯಿತಿಯ ವಸತಿರಹಿತರ ಲೆಕ್ಕದಲ್ಲೂ ಇಲ್ಲ, ಯಾಕಂದರೆ ತಲೆಯ ಮೇಲೊಂದು ಸೂರಿದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಕುಟುಂಬಗಳ ಗುಡಿಸಲು ಕಿತ್ತಾಗ ಇಷ್ಟು ಜನ ಎಲ್ಲಿಂದ ಬಂದರು ಅಂತ ಬಹಳ ಮಂದಿ ಬೆರಗಾದರು. ಹೆಚ್ಚಿನವರು ಲೈನ್ ಮನೆಗಳಿಂದ ಬಂದವರು. ಲೆಕ್ಕಕ್ಕೆ ಸಿಗದೆ ಇದ್ದವರು ಒಮ್ಮೆಲೇ ಕಣ್ಣಿಗೆ ಬಿದ್ದರು, ಅಷ್ಟೇ.

ಈಗ ಕುಟುಂಬ ಅಂದರೆ ಯಾರು ಅನ್ನುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಇದೇ ಮುಖ್ಯ. ದಯವಿಟ್ಟು ನಿಧಾನವಾಗಿ ಓದಿ.

ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಸ್ಥಳಾಂತರ ಪ್ಯಾಕೇಜ್ ಇದೆ. 2008ರಿಂದ ಕುಟುಂಬಕ್ಕೆ 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷ ಆಯಿತು. ಆ ನಿಯಮದಲ್ಲಿ 18 ದಾಟಿದ ಮಗ ಮದುವೆಯಾಗದಿದ್ದರೂ ಬೇರೆ ಕುಟುಂಬ. 18 ದಾಟಿದ ಮದುವೆಯಾಗದ ಮಗಳೂ ಬೇರೆ ಕುಟುಂಬ. ವಿಧವೆ ಬೇರೆ, ಗಂಡನಿಂದ ವಿಚ್ಛೇದನ ಪಡೆದವಳು ಬೇರೆ, ಅಂಗವಿಕಲರು ಬೇರೆ, ತಂದೆತಾಯಿ ಇಲ್ಲದ ಮಗುವೂ ಬೇರೆ. ಒಳ್ಳೆಯ ನಿಯಮ. ಬರೆದವರು ಯೋಚಿಸಿಯೇ ಬರೆದಿದ್ದಾರೆ.

ವಸತಿ ಯೋಜನೆಗೆ ಬನ್ನಿ. ಅಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳೆಲ್ಲ ಸೇರಿ ಒಂದೇ ಕುಟುಂಬ, ಒಂದೇ ಮನೆ.

ಈಗ ಒಂದು ಗುಡಿಸಲು ತೆಗೆದುಕೊಳ್ಳಿ. ಅದರಲ್ಲಿ ಅಪ್ಪ, ಅಮ್ಮ, 22ರ ಮಗ, 19ರ ಮಗಳು, ವಿಧವೆಯಾಗಿ ಬಂದ ಅತ್ತೆ ಇದ್ದಾರೆ ಅನ್ನಿ. ಇವರು ಕಾಡು ಬಿಡುತ್ತೇವೆ ಅಂದರೆ ಸರ್ಕಾರದ ಕಣ್ಣಿಗೆ ನಾಲ್ಕು ಕುಟುಂಬ, ಒಟ್ಟು 60 ಲಕ್ಷ ರೂಪಾಯಿ. ಇಲ್ಲೇ ಇರುತ್ತೇವೆ, ಮಳೆ ಸೋರದ ಹಾಗೆ ಮಾಡಿಕೊಡಿ ಅಂದರೆ ಬಹುಪಾಲು ಒಂದೇ ಕುಟುಂಬ. ಆ ಒಂದು ಮನೆಗೂ ನಿವೇಶನದ ದಾಖಲೆ ತನ್ನಿ ಅನ್ನುತ್ತಾರೆ. ಜನ ಅವರೇ, ಗುಡಿಸಲು ಅದೇ. ಹೋಗುವಾಗ ನಾಲ್ಕಾದವರು ಇರುವಾಗ ಒಂದು ಹೇಗಾಗುತ್ತಾರೆ? ಇದಕ್ಕೆ ಉತ್ತರ ಕೊಡಬಲ್ಲ ಒಬ್ಬ ಅಧಿಕಾರಿಯೂ ನನಗೆ ಸಿಗಲಿಲ್ಲ.

ಸ್ವಯಂಪ್ರೇರಿತ ಸ್ಥಳಾಂತರ ಅಂತ ಕಾನೂನು ಹೇಳುತ್ತದೆ. ಎರಡೂ ಕಡೆ ತಕ್ಕಡಿ ಒಂದೇ ಆಗಿದ್ದರೆ ಮಾತ್ರ ಅದು ಸ್ವಂತ ಇಚ್ಛೆ. ಹಾಗಾಗಿ ಹೊಸ ಲೆಕ್ಕದಲ್ಲಿ ಕುಟುಂಬದ ಅರ್ಥ ಒಂದೇ ಇರಲಿ. ಸ್ಥಳಾಂತರಕ್ಕೆ ಯಾರನ್ನು ಬೇರೆ ಕುಟುಂಬ ಅಂತ ಎಣಿಸುತ್ತೀರೋ, ಮನೆಗೂ ಅವರನ್ನು ಹಾಗೆಯೇ ಎಣಿಸಿ. ಅಷ್ಟೂ ಜನಕ್ಕೆ ನಾಳೆಯೇ ಮನೆ ಕಟ್ಟಿಕೊಡಿ ಅಂತ ನಾನು ಹೇಳುತ್ತಿಲ್ಲ. ಆ ಮಗ ಅಪ್ಪನ ಜೊತೆಗೇ ಇರುತ್ತೇನೆ ಅನ್ನಬಹುದು. ಆ ಅತ್ತೆ ನನಗೆ ಬೇರೆ ಒಲೆ ಬೇಡ ಅನ್ನಬಹುದು. ಆದರೆ ಕೇಳಿ ಬರೆದುಕೊಳ್ಳಬೇಕು, ಅಲ್ವಾ?

ಕಾನೂನು ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಈ ಪತ್ರ ಓದುವ ಸಾರ್ವಜನಿಕರಿಗಾಗಿ ಬರೆಯುತ್ತೇನೆ, ಯಾಕಂದರೆ ರಾಷ್ಟ್ರೀಯ ಉದ್ಯಾನದ ಒಳಗೆ ಮನೆ ಅಂದ ಕೂಡಲೇ ಅದು ಅಕ್ರಮ ಅಂತ ಬಹಳ ಜನ ತಿಳಿದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೂ ಅಭಯಾರಣ್ಯಕ್ಕೂ ಅನ್ವಯಿಸುತ್ತದೆ. ಅದರ ಮೊದಲ ಹಕ್ಕೇ ಕಾಡಿನ ನೆಲದಲ್ಲಿ ವಾಸ ಮಾಡುವ ಮತ್ತು ಬೇಸಾಯ ಮಾಡುವ ಹಕ್ಕು. 13 ಡಿಸೆಂಬರ್ 2005ಕ್ಕೆ ಮೊದಲು ಅಲ್ಲಿದ್ದ ಆದಿವಾಸಿಗಳಿಗೆ ಅದು ಸಲ್ಲುತ್ತದೆ. ಆ ದಿನಕ್ಕೆ ಮೊದಲು ಕಾನೂನು ಮೀರಿ ಎಬ್ಬಿಸಿದ್ದರೆ, ಪುನರ್ವಸತಿಯ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಹಕ್ಕಿನ ಅರ್ಜಿಗಳ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಸೇರಿ 13 ಬಗೆಯ ಸೌಲಭ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಕಾಡು ಜಾಗ ಕೊಡಬಹುದು. ಹೆಕ್ಟೇರಿಗೆ 75 ಮರ ಮೀರಿ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರಿಗೆ ಸಮುದಾಯ ಹಕ್ಕುಗಳು ಸಿಕ್ಕಿವೆ, ಅದೂ ಹುಲಿ ಮೀಸಲು ಪ್ರದೇಶದ ಒಳಗೇ. ನಮ್ಮದೇ ರಾಜ್ಯದಲ್ಲಿ ಆಗಿರುವ ಕೆಲಸ ಇದು. ನಾಗರಹೊಳೆಯಲ್ಲಿ ಯಾಕೆ ಎಳೆದಾಟ?

ಹಣವೂ ಇದೆ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆ ಅತಿ ದುರ್ಬಲ ಬುಡಕಟ್ಟುಗಳಿಗಾಗಿಯೇ ಇರುವಂಥದ್ದು. ದೇಶದಲ್ಲಿ ಅಂಥ 75 ಬುಡಕಟ್ಟುಗಳಿದ್ದು, ಕರ್ನಾಟಕದ ಇಬ್ಬರೆಂದರೆ ಜೇನು ಕುರುಬರು ಮತ್ತು ಕೊರಗರು. ಶೌಚಾಲಯ, ಉದ್ಯೋಗ ಖಾತರಿಯ ಕೂಲಿ ಸೇರಿ ಒಂದು ಮನೆಗೆ 2.39 ಲಕ್ಷ ರೂಪಾಯಿ. ಮೈದಾನದ ಊರಿನಲ್ಲೇ ಆ ಹಣದಲ್ಲಿ ಮನೆ ಮುಗಿಸುವುದು ಕಷ್ಟ. ಕಾಡಿನೊಳಗೆ ಇನ್ನೂ ಕಷ್ಟ. ಮರಳು, ಸಿಮೆಂಟು, ಇಟ್ಟಿಗೆ ಚೆಕ್‌ಪೋಸ್ಟ್ ದಾಟಿ ಬರಬೇಕು. ರಾತ್ರಿ ಗಾಡಿ ಓಡಾಡುವ ಹಾಗಿಲ್ಲ. ಹಾಡಿಯ ತನಕ ರಸ್ತೆ ಇಲ್ಲದ ಕಡೆ ತಲೆಹೊರೆ. ಗೇಟಿನಲ್ಲಿ ಒಂದು ದಿನ ಒಳಗೆ ಬಿಟ್ಟು ಇನ್ನೊಂದು ದಿನ ಬೇಡ ಅಂದರೆ ಕೂಲಿಯವನ ದಿನಗೂಲಿ ಹಾಳು. ಸಾಗಣೆಗೆ ಎಷ್ಟು ಬೀಳುತ್ತದೆ ಅನ್ನೋದನ್ನು ಹಾಡಿವಾರು ಅಂದಾಜು ಮಾಡಿ, ಆ ವ್ಯತ್ಯಾಸವನ್ನು ರಾಜ್ಯ ಸರ್ಕಾರ ತುಂಬಿಕೊಡಬೇಕು. ಒಂದೇ ದರ ಎಲ್ಲ ಕಡೆಗೂ ಅಂದರೆ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗೆ ನಿಂತು ಪಾಚಿ ಹಿಡಿದ ಗೋಡೆಗಳನ್ನು ಈ ಭಾಗದಲ್ಲಿ ಯಾರು ಬೇಕಾದರೂ ನೋಡಬಹುದು.

ಇನ್ನೊಂದು ತೊಡಕು. ಜನಮನ್ ಜೇನು ಕುರುಬರಿಗೆ ಸಿಗುತ್ತದೆ. ಅದೇ ಹಾಡಿಯಲ್ಲಿರುವ ಯರವರಿಗೆ, ಬೆಟ್ಟ ಕುರುಬರಿಗೆ ಸಿಗುವುದಿಲ್ಲ, ಅವರು ಆ ಪಟ್ಟಿಯಲ್ಲಿಲ್ಲ. ಎರಡು ಮಾರು ದೂರದ ಎರಡು ಗುಡಿಸಲು, ಒಂದೇ ಮಳೆ. ಒಬ್ಬರಿಗೆ ಮನೆ ಮಂಜೂರು, ಇನ್ನೊಬ್ಬರಿಗೆ ಬೇರೆ ಯೋಜನೆ, ಬೇರೆ ಅರ್ಜಿ, ಬೇರೆ ಇಲಾಖೆ. ಯಾವ ಯೋಜನೆಯ ಹಣ ಅನ್ನೋದನ್ನು ನೀವು ಕಚೇರಿಯಲ್ಲಿ ಹೊಂದಿಸಿಕೊಳ್ಳಿ. ಹಾಡಿಯಲ್ಲಿ ಮಾತ್ರ ಜಾತಿ ನೋಡದೆ ಎಲ್ಲ ಮನೆಗಳನ್ನೂ ಒಂದೇ ಸಲ ಎಣಿಸಿ.

ಎಂಥ ಮನೆ ಬೇಕು ಅನ್ನೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲು ಅವಕಾಶ ಕೊಡಿ. ಇದು ನನ್ನ ಕಸುಬು.

ನಮ್ಮ ಯೋಜನೆಗಳ ಮನೆ 25 ಚದರ ಮೀಟರ್, ಸುಮಾರು 270 ಚದರ ಅಡಿ. ಒಂದು ಹಜಾರ, ಒಂದು ಅಡುಗೆ ಮೂಲೆ. ನಕ್ಷೆ ಬಯಲು ಸೀಮೆಗೂ ಅದೇ, ಮಲೆನಾಡಿಗೂ ಅದೇ. ನಾಗರಹೊಳೆಯ ಕೊಡಗಿನ ಭಾಗದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಲ್ಲಿ ಚಪ್ಪಟೆ ತಾರಸಿ ಹಾಕಿದರೆ ಕೆಲವೇ ವರ್ಷದಲ್ಲಿ ಜಿನುಗಲು ಶುರು. ಇಳಿಜಾರು ಹಂಚಿನ ಮಾಡು, ಗೋಡೆಗೆ ಎರಚಲು ಬಡಿಯದಷ್ಟು ಮುಂದೆ ಚಾಚಿದ ಸೂರು, ಎತ್ತರದ ಜಗಲಿ ಇರಬೇಕು. ಕೊಡಗಿನ ಯಾವ ಹಳೆಯ ಮನೆ ನೋಡಿದರೂ ಇದು ತಿಳಿಯುತ್ತದೆ.

ಒಲೆಯ ವಿಷಯ ಇನ್ನೂ ಮುಖ್ಯ. ಹಾಡಿಯಲ್ಲಿ ಮಳೆಗಾಲದ ರಾತ್ರಿ ಬೆಂಕಿಯ ಸುತ್ತ ಮಲಗುತ್ತಾರೆ. ಬೆಂಕಿ ಅಡುಗೆಗೆ ಮಾತ್ರ ಅಲ್ಲ, ಮೈಕಾಯಿಸಲು, ಬಟ್ಟೆ ಒಣಗಿಸಲು, ಮಕ್ಕಳನ್ನು ಬೆಚ್ಚಗಿಡಲು ಬೇಕು. ತಟ್ಟಿ ಗೋಡೆ, ಹುಲ್ಲಿನ ಮಾಡು ಇದ್ದಾಗ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ನಾವು ಕಟ್ಟಿಸಿದ ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಹೊಗೆಗೆ ದಾರಿ ಇಲ್ಲ. ಹಾಗಾಗಿ ಜನ ಪಕ್ಕಾ ಮನೆಯ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಕೊಂಡು ಅದರಲ್ಲಿ ಇರುತ್ತಾರೆ. ಪಕ್ಕಾ ಮನೆಯಲ್ಲಿ ಸೌದೆ, ಅಕ್ಕಿ ಮೂಟೆ, ರೇಷನ್ ಕಾರ್ಡು. ಇದನ್ನು ನೋಡಿದ ಮೇಲಧಿಕಾರಿಗಳು, ಇವರಿಗೆ ಮನೆ ಕೊಟ್ಟರೂ ಇರಲು ಬರುವುದಿಲ್ಲ ಅಂತ ಹೇಳಿ ಹೋಗುವುದನ್ನು ಕೇಳಿ ನನಗೆ ಸಂಕಟವಾಗುತ್ತಿತ್ತು. ಇರಲು ಬರುವಂಥ ಮನೆ ಕೊಟ್ಟಿದ್ದೇವಾ ಅಂತ ಯಾರಾದರೂ ಕೇಳಬೇಕಿತ್ತು.

ಬಿದಿರು ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಿರು ಅರಣ್ಯ ಉತ್ಪನ್ನ. ಅದನ್ನು ಸಂಗ್ರಹಿಸುವ ಹಕ್ಕು ಹಾಡಿಯವರಿಗಿದೆ. ಹಾಗಿದ್ದರೂ ಒಂದು ಹೊರೆ ಬಿದಿರು, ಒಂದು ಹೊರೆ ಹುಲ್ಲು ತಂದು ಮಾಡು ಸರಿ ಮಾಡಿಕೊಳ್ಳಲು ಹೆದರುವ ಸ್ಥಿತಿ ಇದೆ. ಹುಲ್ಲು ಸಿಗದೆ ಟಾರ್ಪಾಲು ಬಂತು. ಟಾರ್ಪಾಲು ಒಂದೆರಡು ಬೇಸಿಗೆಗೆ ಚಿಂದಿ. ಕೆಲವರಿಗೆ ನಿಜವಾಗಿ ಬೇಕಿರುವುದು ಹೊಸ ಮನೆಯಲ್ಲ, ಮಾಡಿನ ರಿಪೇರಿ. ಅದನ್ನೂ ಫಾರಂನಲ್ಲಿ ಬರೆದುಕೊಳ್ಳಲು ಒಂದು ಜಾಗ ಇರಲಿ. ರಿಪೇರಿಗೆ ದುಡ್ಡು ಕೊಡುವ ಯೋಜನೆ ಇಲ್ಲದ್ದಕ್ಕೇ ಎಲ್ಲರೂ ಹೊಸ ಮನೆ ಕೇಳುತ್ತಾರೆ.

ಆನೆಯನ್ನು ಮರೆತು ಇಲ್ಲಿ ಮನೆ ಕಟ್ಟುವ ಹಾಗಿಲ್ಲ. ಅಕ್ಕಿ, ಉಪ್ಪು, ಹಲಸಿನ ವಾಸನೆಗೆ ಗೋಡೆ ಕೆಡವುತ್ತದೆ. ಮನೆ ಎಲ್ಲಿ ಕಟ್ಟಬೇಕು, ಯಾವ ಕಡೆ ಬಾಗಿಲು ಇಡಬೇಕು, ಆನೆ ಹಾಯುವ ದಾರಿ ಯಾವುದು ಅಂತ ಹಾಡಿಯ ಹಿರಿಯರಿಗೆ ಗೊತ್ತು. ನಕ್ಷೆ ಹಿಡಿದು ಬಂದ ಕಿರಿಯ ಇಂಜಿನಿಯರಿಗೆ ಗೊತ್ತಿರುವುದಿಲ್ಲ. ಜಾಗ ಗುರುತಿಸುವ ದಿನ ಹಿರಿಯರು ಮುಂದೆ ನಡೆಯಲಿ, ಇಂಜಿನಿಯರ್ ಹಿಂದೆ ನಡೆಯಲಿ.

ಪುನರ್ವಸತಿ ಕೇಂದ್ರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯ ಕಾಲದಲ್ಲಿ ನಾಗಾಪುರಕ್ಕೆ ಬಂದವರಿಗೆ ಮನೆ, ಜಮೀನು ಕೊಟ್ಟಿದ್ದು ನಿಜ. ಆಗ ಅಮ್ಮನ ಸೊಂಟದ ಮೇಲಿದ್ದ ಮಕ್ಕಳಿಗೆ ಈಗ ಮದುವೆಯಾಗಿದೆ. ಮನೆ ಮಾತ್ರ ಅಂದು ಕೊಟ್ಟದ್ದೇ. ಅಪ್ಪನ ಹೆಸರಿನಲ್ಲಿ ಒಮ್ಮೆ ಮನೆ ಪಡೆದದ್ದು ದಾಖಲೆಯಲ್ಲಿದೆ, ಆ ಬಿರುಕು ಬಿಟ್ಟ ಮನೆ ಇಂದಿಗೂ ಪಕ್ಕಾ ಮನೆ ಅಂತಲೇ ಎಣಿಕೆಯಾಗುತ್ತದೆ. ಕಾಡು ಬಿಟ್ಟವರ ಎರಡನೇ ತಲೆಮಾರಿನ ಲೆಕ್ಕ ತೆಗೆಯದೆ, ಇನ್ನೂ ಕಾಡಿನಲ್ಲಿರುವವರಿಗೆ ಹೊರಗೆ ಬನ್ನಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂದರೆ ಅವರು ಹೇಗೆ ನಂಬುತ್ತಾರೆ? ನೆಂಟರ ಮನೆಗೆ ಹೋಗಿ ಕಣ್ಣಾರೆ ನೋಡಿಕೊಂಡು ಬರುತ್ತಾರೆ.

ಇಲಾಖೆಗೇ ದುಡಿಯುವವರೂ ಇದ್ದಾರೆ. ಉದ್ಯಾನದ ಒಳಗೆ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಹಗಲು ಕಾಯುವ ದಿನಗೂಲಿ ವಾಚರ್‌ಗಳಲ್ಲಿ ಹಾಡಿಯ ಹುಡುಗರು ಬಹಳ. ಮತ್ತಿಗೋಡು, ಬಳ್ಳೆಯಂಥ ಆನೆ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಜೇನು ಕುರುಬರೇ ಎದ್ದು ಕಾಣುತ್ತಾರೆ. ದಸರಾ ಸಮಯದಲ್ಲಿ ಇವರ ಕುಟುಂಬಗಳು ಅರಮನೆ ಆವರಣದ ಶೆಡ್‌ಗಳಲ್ಲಿ ಇಳಿದುಕೊಂಡಾಗ ಮಂತ್ರಿಗಳು ಬಂದು ಊಟ ಬಡಿಸುತ್ತಾರೆ, ಮಕ್ಕಳಿಗೆ ಟೆಂಟ್ ಶಾಲೆ ನಡೆಯುತ್ತದೆ. ಸಂತೋಷದ ವಿಷಯ. ಜಂಬೂಸವಾರಿ ಮುಗಿಸಿ ಲಾರಿ ಹತ್ತಿದ ಮೇಲೆ ಅವರು ಹೋಗಿ ಸೇರುವ ಶಿಬಿರದ ಮನೆ ಹೇಗಿದೆ? ನಿವೃತ್ತಿಯಾದ ಮಾವುತ ಎಲ್ಲಿಗೆ ಹೋಗಬೇಕು? ಸಿಬ್ಬಂದಿ ವಸತಿ ಗೃಹಗಳ ಅಗತ್ಯವನ್ನು ಇಲಾಖೆ ವರ್ಷ ವರ್ಷ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ದಿನಗೂಲಿಯವರೂ ಅವರ ಮನೆಯವರೂ ಸೇರಲಿ.

ವನ್ಯಜೀವಿ ಪ್ರಿಯರು ಈ ಪತ್ರ ಓದಿ ಗಾಬರಿಯಾಗಬಹುದು. ಅವರಲ್ಲಿ ಕೆಲವರು ನನ್ನ ಗೆಳೆಯರು. ಕಾಡಿನಲ್ಲಿ ಮನೆಗೆ ಒಮ್ಮೆ ದಾರಿ ಬಿಟ್ಟರೆ ಕೊನೆ ಎಲ್ಲಿ ಅನ್ನುವ ಅವರ ಭಯ ನನಗೆ ಅರ್ಥವಾಗುತ್ತದೆ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳಿವೆ ಅಂತ ಅಂದಾಜಾಯಿತು. ಅದು ನನಗೂ ಹೆಮ್ಮೆಯ ಸಂಗತಿ. ಆದರೆ ಭಯಕ್ಕೆ ಮದ್ದು ಲೆಕ್ಕವೇ. ಎಷ್ಟು ಮನೆ ಬೇಕು, ಎಲ್ಲಿ ಬೇಕು, ಯಾರ ಹೆಸರಿಗೆ ಬೇಕು ಅಂತ ಕಾಗದದ ಮೇಲೆ ಬಂದರೆ ಅದಕ್ಕೊಂದು ಗಡಿ ಸಿಗುತ್ತದೆ. ಅರಣ್ಯ ಹಕ್ಕಿನ ಜಮೀನು ಮಕ್ಕಳಿಗೆ ಬರುತ್ತದೆಯೇ ಹೊರತು ಮಾರುವ ಹಾಗಿಲ್ಲ, ಬೇರೆಯವರಿಗೆ ವಹಿಸುವ ಹಾಗಿಲ್ಲ. ಒಬ್ಬರಿಗೆ ನಾಲ್ಕು ಹೆಕ್ಟೇರ್ ಮೀರಿ ಸಿಗುವುದಿಲ್ಲ. ಹೊರಗಿನವನು ಬಂದು ಹೋಮ್‌ಸ್ಟೇ ಹಾಕುವ ಮಾತೇ ಇಲ್ಲ. ಇನ್ನೊಂದನ್ನೂ ನೆನಪಿಡಿ. 1990ರ ದಶಕದಲ್ಲಿ ಇದೇ ಉದ್ಯಾನದ ಒಳಗೆ ದೊಡ್ಡ ಹೋಟೆಲ್ ಕಂಪನಿಯೊಂದು ಪ್ರವಾಸಿ ತಂಗುದಾಣ ಮಾಡಲು ಹೊರಟಾಗ ಬೀದಿಗಿಳಿದು ತಡೆದವರು ಹಾಡಿಯ ಜನ. 1997ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. ಕಾಡಿನಲ್ಲಿ ಎಂಥ ಕಟ್ಟಡ ಬೇಡ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹಾಡಿಯಲ್ಲಿ ಹೊರಗೆ ಹೋಗಲು ಮನಸ್ಸಿರುವವರೂ ಇದ್ದಾರೆ. ಅದನ್ನು ಮುಚ್ಚಿಡುವುದು ತಪ್ಪು. ಆಸ್ಪತ್ರೆ ಹತ್ತಿರ ಬೇಕು, ಮಕ್ಕಳ ಕಾಲೇಜು ಹತ್ತಿರ ಬೇಕು, ಆನೆಯ ಭಯ ಸಾಕು ಅನ್ನುವವರ ಮಾತನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳಬೇಕು. ಆದರೆ ಅದು ಕೊನೆಯ ಪ್ರಶ್ನೆಯಾಗಲಿ, ಮೊದಲನೆಯದಲ್ಲ. ಒಬ್ಬೊಬ್ಬರನ್ನೇ ಕೇಳಿ. ಹೆಂಗಸರನ್ನು ಬೇರೆಯಾಗಿ ಕೇಳಿ, ಗಂಡಸರು ಹಣ ಅಂದಾಗ ಹೆಂಗಸರು ನೀರು ಎಲ್ಲಿ ಅನ್ನುವುದನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಹೊಸ ಜಾಗದಲ್ಲಿ ಕೊಟ್ಟ ಮಾತಿನಂತೆ ಸೌಲಭ್ಯ ಮತ್ತು ಜಮೀನು ಪೂರ್ತಿ ಸಿದ್ಧವಾಗುವ ತನಕ ಸ್ಥಳಾಂತರ ಮಾಡಬಾರದು ಅಂತ ಕಾಯ್ದೆಯೇ ಹೇಳುತ್ತದೆ. ಮನೆ ಮೊದಲು, ಲಾರಿ ಆಮೇಲೆ. 2024ರ ಜೂನ್‌ನಲ್ಲಿ ಹುಲಿ ಪ್ರಾಧಿಕಾರ ದೇಶದ ಹುಲಿ ಮೀಸಲುಗಳ ಒಳಗಿನ 591 ಹಳ್ಳಿ, 64,801 ಕುಟುಂಬಗಳ ಸ್ಥಳಾಂತರಕ್ಕೆ ಕಾಲಮಿತಿ ಹಾಕಿಕೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. ಅಷ್ಟು ಕುಟುಂಬಗಳ ಲೆಕ್ಕ ದೆಹಲಿಯಲ್ಲಿ ಇದೆ ಅಂದ ಮೇಲೆ, ಅವರಲ್ಲಿ ಎಷ್ಟು ಮಂದಿಯ ಮಾಡು ಸೋರುತ್ತಿದೆ ಅನ್ನೋದನ್ನೂ ಕಂಡುಹಿಡಿಯಬಹುದಲ್ಲ?

ಕೆಲಸ ಹೇಗೆ ಆಗಬೇಕು ಅಂತ ಹೇಳಿ ಮುಗಿಸುತ್ತೇನೆ.

ಪಂಚಾಯಿತಿ ಕೇಂದ್ರದ ಗ್ರಾಮಸಭೆಯಲ್ಲಿ ಈ ಕೆಲಸ ಆಗುವುದಿಲ್ಲ. ಅಲ್ಲಿ ಹಾಡಿಯವರು ಹಿಂದಿನ ಸಾಲಿನಲ್ಲಿ ನಿಂತು ವಾಪಸ್ ಬರುತ್ತಾರೆ. ಅರಣ್ಯ ಹಕ್ಕು ಕಾಯ್ದೆಯ ನಿಯಮದಂತೆ ಹಾಡಿಯದೇ ಗ್ರಾಮಸಭೆ ಸೇರಿಸಿ. ಅರ್ಧದಷ್ಟು ಜನ ಹಾಜರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಫಾರಂ ತುಂಬುವ ತಂಡದಲ್ಲಿ ಓದಿದ ಹಾಡಿಯ ಹುಡುಗ ಹುಡುಗಿಯರಿರಲಿ, ಅವರ ಮಾತು ಅವರಿಗೆ ಬರುತ್ತದೆ. ತುಂಬಿದ ಪಟ್ಟಿಯನ್ನು ಓದಿ ಹೇಳಿ, ಅಂಗನವಾಡಿ ಗೋಡೆಗೆ ಅಂಟಿಸಿ, ತಿದ್ದುಪಡಿಗೆ ಒಂದು ತಿಂಗಳು ಕೊಡಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಯವಿಟ್ಟು ಹೋಗಬೇಡಿ. ನವೆಂಬರಿನಿಂದ ಮಾರ್ಚ್ ತನಕ ಅರ್ಧ ಹಾಡಿ ತೋಟಗಳಲ್ಲಿ, ಶುಂಠಿ ಹೊಲಗಳಲ್ಲಿ ಇರುತ್ತದೆ. ಬಾಗಿಲು ಹಾಕಿದ ಗುಡಿಸಲನ್ನು ಖಾಲಿ ಅಂತ ಬರೆದುಬಿಡುತ್ತಾರೆ. ನಮ್ಮ ಸಮೀಕ್ಷೆಗಳು ಆರ್ಥಿಕ ವರ್ಷ ಮುಗಿಯುವ ಮುಂಚೆ ಅಂತ ಫೆಬ್ರವರಿ, ಮಾರ್ಚ್‌ನಲ್ಲೇ ನಡೆಯುತ್ತವೆ. ಒಣ ಬಿಸಿಲಿನಲ್ಲಿ ಯಾವ ಮನೆಯೂ ಸೋರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೋಗಿ. ಜನ ಸಿಗುತ್ತಾರೆ, ಸೋರುವ ಮಾಡೂ ಕಾಣುತ್ತದೆ. ದಾರಿ ಕೆಸರಾಗಿರುತ್ತದೆ, ಜಿಗಣೆ ಕಚ್ಚುತ್ತದೆ. ಇಲಾಖೆಯ ಜೀಪು ಇದೆ, ವಾಚರ್‌ಗಳ ಸಹಾಯ ಇದೆ, ಹೋಗಲು ಆಗದ ಜಾಗವೇನಲ್ಲ.

ಇದಕ್ಕೂ ಮೊದಲು, ಅರಣ್ಯ ಇಲಾಖೆ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಇಬ್ಬರೂ ಸಹಿ ಮಾಡಿದ ಒಂದು ಆದೇಶ ಬೇಕು: ಲೆಕ್ಕ ಮುಗಿದು ಮಂಜೂರಾದ ಮನೆಯ ಸಾಮಾನನ್ನು ಯಾವ ಗೇಟಿನಲ್ಲೂ ತಡೆಯಬಾರದು ಅಂತ. ಜಿಲ್ಲಾ ಮಟ್ಟದ ಅರಣ್ಯ ಹಕ್ಕು ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮೈಸೂರು, ಕೊಡಗು ಎರಡೂ ಜಿಲ್ಲೆಯವರು ಒಂದು ದಿನ ಜೊತೆಯಲ್ಲಿ ಕೂತರೆ ಈ ಆದೇಶ ಹೊರಬರುತ್ತದೆ. ಹಾಡಿಯವರ ನೆಂಟಸ್ತನ ಜಿಲ್ಲೆಯ ಗಡಿ ನೋಡಿ ನಡೆದಿಲ್ಲ, ಲೈನ್ ಮನೆಯವರ ಲೆಕ್ಕ ಸಿಗಬೇಕಾದರೂ ಎರಡೂ ಜಿಲ್ಲೆ ಸೇರಲೇಬೇಕು. ತೋಟದ ಮಾಲೀಕರ ಸಂಘಗಳಿಗೂ ಒಂದು ಪತ್ರ ಬರೆಯಿರಿ. ಸಮೀಕ್ಷೆಯವರನ್ನು ಒಳಗೆ ಬಿಡಿ, ಕೆಲಸದವರು ಹೆಸರು ಬರೆಸಿದರೆ ಅವರ ಮೇಲೆ ಮುನಿಸಿಕೊಳ್ಳಬೇಡಿ ಅಂತ. ಒಪ್ಪುವ ಮಾಲೀಕರು ಬಹಳ ಮಂದಿ ಇದ್ದಾರೆ.

ಫಾರಂನ ಕರಡು ಮಾಡಲು, ಅಂದಾಜು ಪಟ್ಟಿ ತಯಾರಿಸಲು, ಹಾಡಿಗಳಿಗೆ ತಂಡದ ಜೊತೆ ಬರಲು ನಾನು ಸಿದ್ಧ. ಸಂಬಳ ಬೇಡ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಇನ್ನೂ ಕೆಲವರು ಬರುತ್ತೇವೆ ಅಂದಿದ್ದಾರೆ. ಯಾವ ಹಾಡಿಯಿಂದ ಶುರು ಮಾಡಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಗ್ರಾಮೀಣ ವಸತಿಯ ನಿವೃತ್ತ ಇಂಜಿನಿಯರ್,
ಹುಣಸೂರು ತಾಲ್ಲೂಕು